ಕೊಡಸಿಗೆಯೆಂದು ತಂದ ಚಕ್ಕೆ

ಮೊನ್ನೆ ನೆಗಡಿಯೆಂದು ಸ್ನಾನದ ನೀರಿಗೆ ಲಕ್ಕಿಸೊಪ್ಪು ಹಾಕಿದ್ದೆ. ಹಂಡೆಯಿಂದೆದ್ದ ಆ ಘಾಟಿಗೆ ಆಚೆಮನೆ ಅಜ್ಜಿ ನೆನಪಾದರು. ಆ ಗಿಡವನ್ನು ನನಗೆ ತೋರಿಸಿಕೊಟ್ಟವರು ಅವರೇ.

ನಾನು ಶಿಕಾರಿಪುರದ ಪೇಟೆಯಲ್ಲಿ ಬೆಳೆದವಳು. ಬೇವು, ಹುಣಸೆ, ಜಾಲಿ ಬಿಟ್ಟರೆ ಬೇರೆ ಮರದ ಗುರುತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಹೊಸಬಾಳೆ ಹಳ್ಳಿಗೆ ಸೊಸೆಯಾಗಿ ಬಂದಾಗ ಹಿತ್ತಲಾಚೆಯ ಕಾನು, ಆ ದಟ್ಟ ಕಾಡು, ನನ್ನ ಕಣ್ಣಿಗೆ ಬರೀ ಹಸಿರು... ಗೊತ್ತಿಲ್ಲವೆನ್ನಲು ನಾಚಿಕೆ ಬೇರೆ.

ಆ ವರ್ಷ ಮಾವನವರಿಗೆ ಆಮಶಂಕೆ ಹಿಡಿಯಿತು. "ಕಾನಿನ ಅಂಚಿಂದ ಒಂಚೂರು ಕೊಡಸಿಗೆ ಚಕ್ಕೆ ಕೆತ್ಕೊಂಡ್ ಬಾ. ಮರ ಗೊತ್ತಲ್ಲ?" ಎಂದರು ಅತ್ತೆ. ಗೊತ್ತು ಎಂದೆ. ಹಿಂದೊಮ್ಮೆ ಅವರು ದೂರದಿಂದ ಬೆರಳು ಮಾಡಿ ತೋರಿಸಿದ ಕಡೆಗೇ ಹೋಗಿ, ಅಂದಾಜಿನ ಮೇಲೆ ಒಂದು ಮರದ ತೊಗಟೆ ಕೆತ್ತಿ ತಂದು, ಜಜ್ಜಿ ಕಷಾಯಕ್ಕಿಟ್ಟೆ.

ಅಷ್ಟರಲ್ಲಿ ಮಾವನವರನ್ನು ವಿಚಾರಿಸಲು ಅಜ್ಜಿ ಬಂದರು. ಒಲೆಯ ಪಕ್ಕ ಉಳಿದಿದ್ದ ಚಕ್ಕೆಯನ್ನು ತಿರುಗಿಸಿ ನೋಡಿದರು.

"ಕೆತ್ತುವಾಗ ಹಾಲು ಬಂತೇನೆ?"

"ಇಲ್ಲ ಅಜ್ಜಿ."

ಸೆರಗಿನಲ್ಲೇ ಪಾತ್ರೆ ಹಿಡಿದು ಹಿತ್ತಲಿಗೆ ಸುರಿದುಬಿಟ್ಟರು. ಒಳಗಿಂದ ಅತ್ತೆ, "ಎಂತಾಯ್ತೇ?" ಎಂದು ಕೂಗಿದರು. "ನನ್ ಕೈ ತಾಗಿ ಚೆಲ್ಲೋಯ್ತು ಮಾರಾಯ್ತಿ. ಇವಳ್ನ ಕರ್ಕೊಂಡೋಗಿ ಬೇರೆ ತರ್ತೀನಿ" ಎಂದರು ಅಜ್ಜಿ.

ಕಾನಿನಂಚಿನಲ್ಲಿ ಒಂದು ಮರದ ಎಲೆ ಚಿವುಟಲು ಹೇಳಿದರು. ಬಿಳಿ ಹಾಲು ಬೆರಳಿಗಂಟಿತು. ಅದು ಕೊಡಸಿಗೆ. ನಾನು ಕೆತ್ತಿದ ಮರ ನಾಲ್ಕು ಮಾರು ಆಚೆಗಿತ್ತು. ಅದರ ಎಲೆ ನುಣುಪಾಗಿ ಹೊಳೆಯುತ್ತಿತ್ತು, ಬುಡದಿಂದಲೇ ಮೂರು ನರ ಕವಲೊಡೆದಿದ್ದವು, ಹಾಲಿರಲಿಲ್ಲ.

"ಇದು ಕಾಸರಕ. ವಿಷ ಕಣೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಜ್ಜಿಯೂ ಪಕ್ಕದಲ್ಲಿ ಕೂತರು.

"ನನ್ ಮಗೂಗೂ ಹಿಂಗೇ ಭೇದಿ ಆಗಿತ್ತು. ನಾಲ್ಕು ವರ್ಷದ್ದು. ಇದೇ ಮರದ ಚಕ್ಕೆ ತಂದೋಳು ನಾನೇ... ಆಗ ತಡೆಯೋರು ಯಾರೂ ಇರ್ಲಿಲ್ಲ."

ಅವರು ಅಳಲಿಲ್ಲ. ಎದ್ದು ಕೊಡಸಿಗೆಯ ತೊಗಟೆ ಕೆತ್ತತೊಡಗಿದರು.

ಮಾವನವರು ಚೇತರಿಸಿಕೊಂಡರು. ನಡೆದದ್ದು ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಆಮೇಲೆ ಬಿಡುವಾದಾಗಲೆಲ್ಲ ಅಜ್ಜಿ ನನ್ನನ್ನು ಕಾನಿಗೆ ಕರೆದೊಯ್ಯುತ್ತಿದ್ದರು. ಕಚ್ಚು ಹಾಕಿದರೆ ರಕ್ತದಂಥ ರಸ ಸುರಿಸುವ ಹೊನ್ನೆ, ಮೊಸಳೆಯ ಬೆನ್ನಿನಂಥ ತೊಗಟೆಯ ಮತ್ತಿ, ಕಾಗದದಂತೆ ಸಿಪ್ಪೆ ಸುಲಿಯುವ ಅಮೃತಬಳ್ಳಿ... ಮುಟ್ಟಿಸಿ, ಮೂಸಿಸಿ, ಹೆಸರು ಹೇಳಿಸುತ್ತಿದ್ದರು. ತಪ್ಪಿದರೆ ಮತ್ತೆ ಆ ಮರದ ಬುಡಕ್ಕೇ ಕರೆದೊಯ್ಯುತ್ತಿದ್ದರು.

ಮೊದಲ ಬಾಣಂತನ ಮುಗಿಸಿ ತವರಿನಿಂದ ಮರಳುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮಗುವನ್ನು ತೋರಿಸಬೇಕೆಂದಿದ್ದೆ...

ಕಾನಿನ ಅರ್ಧದಷ್ಟು ಗಿಡಮರಗಳ ಹೆಸರುಗಳು ಈಗಲೂ ನನ್ನ ಬಾಯಲ್ಲಿವೆ. ಅವರ ಆ ಮಗುವಿನ ಹೆಸರನ್ನು ಮಾತ್ರ ನಾನು ಕೇಳಲೇ ಇಲ್ಲ. ಅದನ್ನು ಬಲ್ಲವರು ಇವತ್ತು ಊರಿನಲ್ಲಿ ಒಬ್ಬರೂ ಉಳಿದಿಲ್ಲ.