ಏಟು ತಿಂದವನ ಸರದಿ

ಹೊಡೆದವರ ಕಥೆ ಕೇಳಿ ಕೇಳಿ ವಾಸುವಿಗೆ ಸಾಕಾಗಿಹೋಗಿತ್ತು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದವನಿಗೆ ಅಂಥ ಕಥೆಗಳಿಗೇನು ಬರ? "ಒಂದು ಬಿಟ್ಟೆ ನೋಡು, ಮೂರು ಸುತ್ತು ಸುತ್ತಿ ಬಿದ್ದ" ಎಂದು ಗಿರಾಕಿಗಳು ಟೇಬಲ್ ಕುಟ್ಟಿ ಹೇಳುವುದನ್ನು ಅವನು ಚಹಾ ಇಡುತ್ತ ಕೇಳಿದ್ದ. ಆ ಬಿದ್ದವನಿಗೆ ಆಮೇಲೆ ಏನಾಯಿತೆಂದು ಒಬ್ಬನೂ ಕೇಳಿದ್ದಿಲ್ಲ. ಹಾಗಾಗಿ ಹೋಟೆಲಿನವರ ಕಥೆಯಾಟ ನಡೆಸುವ ಅಧಿಕಾರ ಕೈಗೆ ಬಂದ ದಿನವೇ ವಾಸು ಒಂದು ನಿಯಮ ಮಾಡಿದ. ಪೆಟ್ಟು ಬಿದ್ದರೆ ಹೊಡೆದವನು ಬಾಯಿ ಮುಚ್ಚಬೇಕು, ತಿಂದವನು ಹೇಳಬೇಕು: ಎಲ್ಲಿ ಬಿತ್ತು, ಏನು ಮುರಿಯಿತು, ಹೇಗೆ ನೋಯುತ್ತಿದೆ.

ಉಡುಪಿ ಕಡೆಯ ವಾಸು ಮುಂಬಯಿ ಹೊರವಲಯದ ಶಹಾಡ್ ಸ್ಟೇಶನ್ ಹತ್ತಿರದ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಊಟ, ನಿದ್ದೆ ಎಲ್ಲ ಅಲ್ಲೇ, ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಶುಕ್ರವಾರ ಸುತ್ತಲಿನ ಕಾರ್ಖಾನೆಗಳಿಗೆ ರಜೆ, ಮಧ್ಯಾಹ್ನ ಮೂರಕ್ಕೆ ಶಟರ್ ಅರ್ಧ ಇಳಿಯುತ್ತಿತ್ತು. ಧಣಿ ಜಯಶೀಲರ ಮಗ ಅಕ್ಷಿತ್ ನವಿ ಮುಂಬಯಿಯ ಕಾಲೇಜಿನಿಂದ ಈ ಆಟ ತಂದವನು. ಒಬ್ಬೊಬ್ಬರು ಒಂದೊಂದು ಪಾತ್ರವಾಗುವುದು, ಗೇಮ್ ಮಾಸ್ಟರ್ ಎನಿಸಿಕೊಂಡವನು ಕಥೆ ನಡೆಸುವುದು, ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹಾಕಿ ತೀರ್ಮಾನಿಸುವುದು; ದೊಡ್ಡ ಅಂಕೆ ಬಿದ್ದರೆ ತಾಗಿದಂತೆ. ಅಕ್ಷಿತ್‌ಗೆ ಕಥೆ ಹೇಳುವ ಬಾಯಿಲ್ಲ, ಎರಡೇ ವಾರದಲ್ಲಿ ಆ ಕುರ್ಚಿ ವಾಸುವಿಗೆ ಬಂತು. ಅಡುಗೆಯ ಹೃಷೀಕೇಶ ಕಮ್ಮಾರನಾದ, ಕ್ಯಾಶಿನಲ್ಲಿ ಕೂರುವ ಜಯಲತಾ ಬಿಲ್ಲುಗಾರ್ತಿಯಾದಳು, ಅಕ್ಷಿತ್ ಮಾಂತ್ರಿಕನಾದ. ಮಗನ ಆಟ ನೋಡಲು ಬಂದ ಧಣಿ "ನನಗೂ ಒಂದು ಪಾತ್ರ ಕೊಡು ಮಾರಾಯ" ಎಂದು ಕೂತವರು ಮತ್ತೆ ಏಳಲೇ ಇಲ್ಲ. ಅವರು ದಂಡನಾಯಕ.

ದಂಡನಾಯಕರ ಪ್ರತಾಪ ಏನು ಕೇಳುತ್ತೀರಿ! ದಾರಿಗೆ ಅಡ್ಡ ಬಂದ ಮುದುಕನ ಕಾಲು ಕಡಿದರು. ಬಾಗಿ ನಮಸ್ಕರಿಸದ ಊರಿಗೆ ಬೆಂಕಿಯಿಟ್ಟು, ಮನೆಬಾಗಿಲುಗಳನ್ನು ಹೊರಗಿನಿಂದ ಜಡಿಸಿದರು. ಸೆರೆಸಿಕ್ಕ ಸೈನಿಕನ ಬೆರಳುಗಳನ್ನು ಒಂದೊಂದಾಗಿ ಮುರಿಸುತ್ತ ಬೋಂಡಾ ತಿಂದರು. ಬೋಂಡಾ ಮಾತ್ರ ನಿಜದ್ದು. ಊರವರೆಲ್ಲ ಗೇಮ್ ಮಾಸ್ಟರನ ಪಾತ್ರಗಳಾದ್ದರಿಂದ ಅವರ ನೋವನ್ನು ನಿಯಮದಂತೆ ವಾಸುವೇ ಹೇಳಬೇಕು, ಹೇಳಿ ಹೇಳಿ ಅವನ ಗಂಟಲು ಒಣಗುತ್ತಿತ್ತು. ಹನ್ನೆರಡು ವಾರಗಳಲ್ಲಿ ಧಣಿಗೆ ಮಾತ್ರ ಒಂದೇ ಒಂದು ಪೆಟ್ಟು ಬಿದ್ದಿರಲಿಲ್ಲ. ದಾಳ ಹಾಕುವವನು ವಾಸು ಒಬ್ಬನೇ, ಅದನ್ನೂ ಅವನು ಮೆನು ಕಾರ್ಡಿನ ಮರೆಯಲ್ಲಿ ಹಾಕುತ್ತಿದ್ದ. ಧಣಿಯ ಕಡೆ ಬಾಣ ಹೊರಟರೆ, ದಾಳ ಏನೇ ತೋರಿಸಲಿ, "ತಪ್ಪಿತು" ಎನ್ನುತ್ತಿದ್ದ. ಹೇಡಿತನವೇ, ಅದಕ್ಕೆ ಬೇರೆ ಹೆಸರು ಬೇಡ. ಧಣಿಯ ಕೈ ಎಷ್ಟು ಬೇಗ ಏಳುತ್ತದೆಂದು ಅವನಿಗೆ ಗೊತ್ತಿತ್ತು. ಕೆಲಸ ಹೋದರೆ ಮಲಗುವ ಅಟ್ಟವೂ ಹೋಗುತ್ತದೆಂದೂ ಗೊತ್ತಿತ್ತು. ಉಳಿದವರೇನು ಕುರುಡರಲ್ಲ. "ಆಟದಲ್ಲಾದ್ರೂ ಅವ್ರಿಗೊಂದು ಬೀಳ್ಲಿ ವಾಸಣ್ಣ" ಎಂದು ಜಯಲತಾ ಬಿಲ್ ಹರಿಯುತ್ತ ಹೇಳಿದ್ದಳು.

ಆ ಬುಧವಾರ ಸಾಂಬಾರಿಗೆ ಉಪ್ಪು ಹೆಚ್ಚಾಯಿತು. ಧಣಿ ಅಡುಗೆಮನೆಗೆ ನುಗ್ಗಿ, ಕಾದ ಎಣ್ಣೆಯಲ್ಲಿದ್ದ ತೂತುಗಳ ಝಾರಾ ಸೌಟು ಎತ್ತಿ ಹೃಷೀಕೇಶನ ಮುಂಗೈ ಮೇಲೆ ಬಾರಿಸಿದರು. ಚರ್ಮ ಝಾರಾಕ್ಕೆ ಅಂಟಿಕೊಂಡು ಬಂತು. ಬಾಗಿಲಲ್ಲಿ ನಿಂತಿದ್ದ ವಾಸು ಮುಖ ತಿರುಗಿಸಿ, ಏಳನೇ ಟೇಬಲಿಗೆ ನೀರು ಕೊಡಲು ಹೋದ.

ಶುಕ್ರವಾರ ಹೃಷೀಕೇಶ ಕೈಗೆ ಬಟ್ಟೆ ಸುತ್ತಿಕೊಂಡು ಆಟಕ್ಕೆ ಕೂತ. ಕಥೆ ಕೋಟೆಯ ಅಂಗಳಕ್ಕೆ ಬಂದಿತ್ತು. ದಂಡನಾಯಕ ಒಬ್ಬ ಹೆಂಗಸನ್ನು ಕೂದಲು ಹಿಡಿದು ಕಲ್ಲಿನ ಮೇಲೆ ಎಳೆದೊಯ್ಯುತ್ತಿದ್ದ.

"ನನ್ನ ಕಮ್ಮಾರ ಹಿಂದಿನಿಂದ ಸುತ್ತಿಗೆ ಬೀಸ್ತಾನೆ," ಎಂದ ಹೃಷೀಕೇಶ. "ದಂಡನಾಯಕನಿಗೆ."

"ಹೊಡಿ, ಹೊಡಿ," ಧಣಿ ನಕ್ಕರು. "ನನಗೆ ತಾಗುದಿಲ್ಲ."

"ಕಾರ್ಡ್ ತೆಗಿ ವಾಸಣ್ಣ," ಎಂದ ಹೃಷೀಕೇಶ. "ದಾಳ ಎಲ್ಲರ ಎದುರು ಹಾಕು."

"ಎಂತಕ್ಕೆ ತೆಗೀಬೇಕು?" ಧಣಿಯ ನಗು ನಿಂತಿತು. "ಗೇಮ್ ಮಾಸ್ಟರ್ ಅವ. ಅವನ ಮರ್ಜಿ. ಅಲ್ವಾ ವಾಸು?"

ಎರಡೂ ಕಡೆಯವರು ವಾಸುವಿನ ಮುಖವನ್ನೇ ನೋಡುತ್ತಿದ್ದರು. ಹೃಷೀಕೇಶನ ಬಟ್ಟೆಯೊಳಗಿಂದ ಹಳದಿ ನೀರು ಒಸರಿ ಟೇಬಲಿಗೆ ಇಳಿದಿತ್ತು. ವಾಸುವಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅವನು ಮೆನು ಕಾರ್ಡನ್ನು ಮಡಿಸಿ ಕೆಳಗಿಟ್ಟು ದಾಳ ಉರುಳಿಸಿದ. ಹತ್ತೊಂಬತ್ತು ಬಿತ್ತು.

"ತಾಗಿತು," ಎಂದ. "ಹೇಳಿ ಧಣಿ. ಎಲ್ಲಿ ಬಿತ್ತು?"

"ತಪ್ಪಿತು ಅನ್ನು."

"ತಾಗಿತು ಧಣಿ. ನೀವೇ ಹೇಳ್ಬೇಕು."

"ನನ್ನ ಹೋಟ್ಲಲ್ಲಿ ಕೂತು ನನ್ನನ್ನೇ ಹೊಡೆಸ್ತೀಯಾ, ನಾಯಿ!"

ಧಣಿಯ ಕೈ ಎಡಗಿವಿಗೆ ಬಿತ್ತು. ವಾಸು ಕುರ್ಚಿ ಸಮೇತ ಉರುಳಿದ, ತಲೆ ವಾಶ್‌ಬೇಸಿನ್ನಿನ ಅಂಚಿಗೆ ಬಡಿಯಿತು. ಅಷ್ಟಕ್ಕೇ ಬಿಡದೆ ಧಣಿ ಬಿದ್ದವನ ಪಕ್ಕೆಗೆ ಎರಡು ಸಲ ಒದ್ದರು. "ಪಪ್ಪಾ, ಬಸ್ ಕರೋ! ಸಾಕು!" ಎಂದು ಅಕ್ಷಿತ್ ಕಿರುಚಿದ. ಅಷ್ಟರಲ್ಲಿ ಹೃಷೀಕೇಶ ಅಡುಗೆಮನೆಗೆ ಓಡಿ, ದೋಸೆಕಲ್ಲು ಕೆರೆಯುವ ಕಬ್ಬಿಣದ ಸಟ್ಟುಗ ಹಿಡಿದು ಬಂದಿದ್ದ. ಮೊದಲ ಏಟಿಗೆ ಧಣಿಯ ಭುಜದ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಿಳಿ ಅಂಗಿ ಕೆಂಪಾಯಿತು, ಧಣಿ ಗೋಡೆಗೊರಗಿ ಕುಸಿದರು. ಎರಡನೆಯದಕ್ಕೆ ಸಟ್ಟುಗದ ಅಲಗು ಅವರ ತಲೆಯ ನೇರಕ್ಕೆ ಎದ್ದಿತು.

"ಹೃಷಿ! ಸರದಿ ನಿನ್ನದಲ್ಲ!"

ಬಿದ್ದಲ್ಲಿಂದಲೇ ವಾಸು ಕೂಗಿದ್ದ. ಹನ್ನೆರಡು ವಾರ ಆ ಸ್ವರಕ್ಕೆ ಕಾದು, ಆ ಸ್ವರಕ್ಕೆ ನಿಂತು ಹೃಷೀಕೇಶನಿಗೆ ರೂಢಿಯಾಗಿತ್ತು. ಕೈ ನಿಂತಿತು. ಪೊಲೀಸರು ಬಂದು ಕೂಗಿದ್ದರೂ ಅದು ನಿಲ್ಲುತ್ತಿರಲಿಲ್ಲ.

ವಾಸು ಬೇಸಿನ್ ಹಿಡಿದು ಎದ್ದ. ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. "ನನಗೆ ಬಿದ್ದದ್ದನ್ನು ನಾನು ಹೇಳ್ತೇನೆ," ಎಂದ, ಕಥೆ ಹೇಳುವ ಅದೇ ಸಮನಾದ ಸ್ವರದಲ್ಲಿ. "ಎಡಗಿವಿ. ಉಂಗುರದ ಬೆರಳು ಕಿವಿಯ ಹಿಂದೆ ತಾಗಿತು. ಒಳಗೆ ಏನೋ ಹರಿಯಿತು. ಆ ಕಡೆ ಈಗ ಏನೂ ಕೇಳುದಿಲ್ಲ. ಉಸಿರೆಳೆದ್ರೆ ಪಕ್ಕೆಯಲ್ಲಿ ಚುಚ್ತದೆ. ಈಗ ನಿಮ್ಮದು ಹೇಳಿ ಧಣಿ."

ಧಣಿ ಭುಜ ಹಿಡಿದುಕೊಂಡು ಮುಖವನ್ನು ಗೋಡೆಗೆ ತಿರುಗಿಸಿದರು. ಅಕ್ಷಿತ್ ಅವರನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋದ.

ಎರಡೂ ಕಡೆಯವರ ಮೈಮೇಲೆ ಗಾಯವಿದ್ದದ್ದರಿಂದ ಕೇಸು ಯಾರೂ ಹಾಕಲಿಲ್ಲ. ವಾಸು, ಹೃಷೀಕೇಶ ಅಂದೇ ಗಂಟು ಕಟ್ಟಿದರು, ಜಯಲತಾ ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ವಾಸುವಿಗೆ ನವಿ ಮುಂಬಯಿ ಕಡೆ ಮಹಾಪೆಯ ಒಂದು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು, ಎಡಗಿವಿ ಮಾತ್ರ ಮರಳಲಿಲ್ಲ. ಎರಡು ತಿಂಗಳಾದ ಮೇಲೆ, ಒಂದು ಭಾನುವಾರ, ಡೊಂಬಿವಲಿಯ ಜಯಲತಾಳ ಮನೆಯಲ್ಲಿ ಆಟಕ್ಕೆ ಮತ್ತೆ ಸೇರಿದರು. ಅಕ್ಷಿತ್ ಕರೆಯದೆಯೇ ಬಂದು ಮೂಲೆಯ ಸ್ಟೂಲಿನಲ್ಲಿ ಕೂತ.

"ಮೊದಲು ದಂಡನಾಯಕ," ಎಂದ ಹೃಷೀಕೇಶ. "ಕಂಬಕ್ಕೆ ಕಟ್ಟಿ, ಚರ್ಮ ಸುಲಿದು, ಆಮೇಲೆ ತಲೆ." ಜಯಲತಾ ಹೌದೆಂದು ತಲೆಯಾಡಿಸಿದಳು. ಅಕ್ಷಿತ್ ನೆಲ ನೋಡುತ್ತ "ಮಾರ್ ಡಾಲೋ, ಕೊಂದುಬಿಡಿ" ಎಂದ.

"ಆಗುದಿಲ್ಲ," ಎಂದ ವಾಸು. "ತಿಂದವ ಹೇಳ್ಬೇಕು. ಅವ್ರು ಇಲ್ಲಿಲ್ಲ."

"ನೀನೇ ಹೇಳು! ಊರವರದ್ದೆಲ್ಲ ನೀನೇ ಹೇಳ್ತಿದ್ದೆ."

"ಊರವರು ನನ್ನ ಪಾತ್ರ. ದಂಡನಾಯಕ ಧಣಿಯದ್ದು."

ಹೃಷೀಕೇಶ ಕುರ್ಚಿ ಒದ್ದು ಬಂದು, ವಾಸುವಿನ ಕಾಲರ್ ಹಿಡಿದು ಗೋಡೆಗೆ ಬಡಿದ. "ಹನ್ನೆರಡು ವಾರ ಅವನನ್ನು ಕಾಪಾಡಿದೆ. ಕಿವಿ ಹೋದ ಮೇಲೂ ಕಾಪಾಡ್ತೀಯಾ? ನಾವೆಲ್ಲ ಎಂತಕ್ಕೆ ಬಂದದ್ದು ಇಲ್ಲಿಗೆ?" ಮುಷ್ಟಿ ಎದ್ದಿತು.

ಕಿವಿ ಹರಿದಾಗಲೂ ವಾಸುವಿಗೆ ಇಷ್ಟು ನೋವಾಗಿರಲಿಲ್ಲ, ಯಾಕೆಂದರೆ ಆ ಮಾತಿನಲ್ಲಿ ಅರ್ಧ ನಿಜವಿತ್ತು. "ಆಗ ಹೆದರಿ ಕಾಪಾಡಿದೆ. ತಪ್ಪು ನನ್ನದೇ," ಎಂದ. "ಈಗ ಹೊಡೀಬೇಡ ಅಂತ ಹೇಳ್ತಾ ಇಲ್ಲ ಹೃಷಿ. ಎದುರು ಕೂರಿಸಿ ಹೊಡಿ ಅಂತ ಹೇಳ್ತಿದ್ದೇನೆ."

"ಹಾಗಾದ್ರೆ ಕರಿ! ಈಗ್ಲೇ ಕರಿ!"

ಅಕ್ಷಿತ್ ಎದ್ದು ಬಂದು ಫೋನ್ ಹಚ್ಚಿ ವಾಸುವಿನ ಬಲಗಿವಿಗೆ ಹಿಡಿದ. ಹೃಷೀಕೇಶ ಕಾಲರ್ ಬಿಟ್ಟಿರಲಿಲ್ಲ.

"ಧಣಿ, ನಾನು ವಾಸು. ನಿಮ್ಮ ದಂಡನಾಯಕ ಇನ್ನೂ ಬದುಕಿದ್ದಾನೆ. ಮುಂದಿನ ಭಾನುವಾರ ಡೊಂಬಿವಲಿಯಲ್ಲಿ ಆಟ ಉಂಟು. ಬಂದ್ರೆ ಪೆಟ್ಟು ಬೀಳ್ತದೆ, ನೀವೇ ಹೇಳಬೇಕಾಗ್ತದೆ. ಬಾರದಿದ್ರೆ ಅವನನ್ನು ಯಾರೂ ಮುಟ್ಟುದಿಲ್ಲ."

"ಎಷ್ಟು ಹೊಡೀತೀರಿ?" ಎಂದರು ಧಣಿ. ಆ ಸ್ವರದಲ್ಲಿ ವಾಸು ಹೆದರಿಕೆ ಕೇಳಿದ್ದು ಅದೇ ಮೊದಲು.

"ದಾಳ ಹೇಳಿದಷ್ಟು. ಎಲ್ಲರ ಎದುರೇ ಹಾಕ್ತೇನೆ."

ಹೃಷೀಕೇಶ ಫೋನಿನ ಹತ್ತಿರಕ್ಕೆ ಬಾಗಿದ.

"ಡೊಂಬಿವಲಿಯಲ್ಲಿ ಎಲ್ಲಿ?" ಧಣಿ ಕೇಳಿದರು. "ಸ್ಟೇಶನ್ನಿನ ಈಸ್ಟಾ, ವೆಸ್ಟಾ?"