ಎಲ್ಲಿಂದ? ಎಲ್ಲಿಗೆ?

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಫೋನಿನಲ್ಲಿ ಮೇಲಿನ ವಾರ್ಡಿನ ನರ್ಸನ್ನು ಗೋಗರೆಯುತ್ತಿದ್ದಾರೆ. "ಸ್ವಲ್ಪ ಹೊತ್ತು ಟೈಪ್ ಮಾಡೋದು ನಿಲ್ಸಮ್ಮ. ನೀನು ಬರೀತಾನೇ ಇದ್ರೆ ನನ್ನ ನಕಲು ಅರ್ಧ ಹಳೇದು, ಅರ್ಧ ಹೊಸದು ಆಗ್ಬಿಡುತ್ತೆ."

ಆಸ್ಪತ್ರೆಗೆಲ್ಲ ಇವರು 'ಡಿಸ್ಕ್ ಅಕ್ಕ'. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನು ಬಂದಿದ್ದೇನೆ. ಇಲ್ಲಿರುವುದು ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್. ಒಂದೇ ಕಟ್ಟಡದಲ್ಲಿ ಹಲವು ಬಾಡಿಗೆ ಸಂಸಾರಗಳಿರುವಂತೆ ಅದರೊಳಗೆ ಹಲವು ವರ್ಚುವಲ್ ಮಷಿನ್‌ಗಳಿವೆ. ರಕ್ತನಿಧಿಗೊಂದು, ವಾರ್ಡುಗಳಿಗೊಂದು, ಹೀಗೆ. ಒಂದೊಂದಕ್ಕೂ ಅದರದೇ ಡಿಸ್ಕ್. ದಿನವೂ ಅವನ್ನು ನಕಲು ಮಾಡಿ ಎತ್ತಿಡುವುದು ಅಕ್ಕನ ಕೆಲಸ. ನಾದಿನಿಯ ಮಕ್ಕಳು 'ಕಾಪಿ ಅತ್ತೆ' ಎಂದು ಚುಡಾಯಿಸುತ್ತಾರಂತೆ. "ಕಾಪಿ ಹೊಡೆದು ಸಂಬಳ ತಗೊಳ್ಳೋಳು ನಾನೊಬ್ಳೇ" ಎಂದು ಅಕ್ಕನೂ ನಗುತ್ತಾರೆ.

ಇವತ್ತು ಮಾತ್ರ ನಗು ಕಡಿಮೆ. ವಾರ್ಡಿನ ಡಿಸ್ಕ್, ಮುನ್ನೂರ ಹತ್ತನೆಯದು, ಕೈಕೊಡುವ ಲಕ್ಷಣ ತೋರಿಸುತ್ತಿದೆ. ನಿನ್ನೆ ಸೇರಿದ ರೋಗಿಗಳಲ್ಲಿ ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದೆಲ್ಲ ಅದರಲ್ಲೇ ಇದೆ, ಬೇರೆಲ್ಲೂ ನಕಲಾಗಿಲ್ಲ. ಅದು ಪೂರ್ತಿ ಕೆಡುವ ಮೊದಲೇ ಎಲ್ಲವನ್ನೂ ಖಾಲಿಯಿರುವ ಏಳುನೂರ ಹತ್ತನೆಯ ಡಿಸ್ಕಿಗೆ ಇಳಿಸಬೇಕು.

ಅಕ್ಕ ಆದೇಶ ಟೈಪ್ ಮಾಡುತ್ತಾರೆ, ಆದರೆ ಎಂಟರ್ ಒತ್ತುವುದಿಲ್ಲ. ಬಾಗಿಲ ಬಳಿಯ ವಾಚ್‌ಮನ್‌ ಅಣ್ಣನನ್ನು ಕರೆಯುತ್ತಾರೆ. ಅವರಿಗೆ ಕಂಪ್ಯೂಟರಿನ ಗಂಧಗಾಳಿಯಿಲ್ಲ; ಆದೇಶದ ಮೊದಲ ಸಂಖ್ಯೆ 'ಎಲ್ಲಿಂದ', ಎರಡನೆಯದು 'ಎಲ್ಲಿಗೆ' ಎಂಬುದಷ್ಟೇ ಗೊತ್ತು. "ಅಂಥೋರೇ ಬೇಕು. ಗೊತ್ತಿದ್ದೋರು ಇರಬೇಕಾದ್ದನ್ನ ಓದಿಬಿಡ್ತಾರೆ, ಇವರು ಇದ್ದದ್ದನ್ನ ಓದ್ತಾರೆ" ಎನ್ನುತ್ತಾರೆ ಅಕ್ಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಒಮ್ಮೆ ಖಾಲಿ ಡಿಸ್ಕನ್ನೇ ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದ್ದರು. ಯಂತ್ರ ಬೇಡ ಅನ್ನಲಿಲ್ಲ, ಇದ್ದದ್ದನ್ನೆಲ್ಲ ಒರೆಸಿ ಹಾಕಿತು. ಆಮೇಲೆ ಶುರುವಾದದ್ದು ಈ ಓದಿಸುವ ಪದ್ಧತಿ.

ಪರದೆಗೆ ಬೆನ್ನು ತಿರುಗಿಸಿ ಅಕ್ಕ ಕೇಳುತ್ತಾರೆ, "ಎಲ್ಲಿಂದ?"

"ಏಳುನೂರ ಹತ್ತು," ಎನ್ನುತ್ತಾರೆ ವಾಚ್‌ಮನ್.

"ಎಲ್ಲಿಗೆ?"

"ಮುನ್ನೂರ ಹತ್ತು."

ಅಕ್ಕ ಥಟ್ಟನೆ ಪರದೆಯತ್ತ ತಿರುಗುತ್ತಾರೆ. ಅವಸರದಲ್ಲಿ ಮತ್ತೆ ಅದೇ ತಪ್ಪು. ಅವರು ಅಳಿಸಿ, ತಿರುಗಿಸಿ ಬರೆದು, ಇನ್ನೊಮ್ಮೆ ಓದಿಸಿ, ಆಮೇಲೆ ಎಂಟರ್ ಒತ್ತುತ್ತಾರೆ. ನಕಲು ಮುಗಿದು ವಾರ್ಡಿನ ಮಷಿನ್ ಹೊಸ ಡಿಸ್ಕಿನ ಮೇಲೆ ಎದ್ದು ನಿಂತಾಗ ನರ್ಸಿನ ಫೋನ್ ಬರುತ್ತದೆ: "ಅಕ್ಕಾ, ನಿನ್ನೆದೆಲ್ಲ ಇದೆ. ಬರೀಲಾ?"

"ಬರಿಯಮ್ಮ," ಎಂದು ಫೋನಿಟ್ಟು ಅಕ್ಕ ಕುರ್ಚಿಗೆ ಒರಗುತ್ತಾರೆ.

"ನಾನೇನಾದ್ರೂ ತಪ್ಪು ಓದಿದ್ನಾ?" ವಾಚ್‌ಮನ್‌ಗೆ ಅದೇ ಚಿಂತೆ.

"ಇಲ್ಲ ಅಣ್ಣಾ. ನಿಮ್ಮ ಟೀ ಆರಿಹೋಯ್ತು, ಬೇರೆ ತರ್ತೀನಿ ಇರಿ."

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಅಕ್ಕ ಬಾಗಿಲ ಕಡೆ ನೋಡುತ್ತಾರೆ. "ನಾನು ರಿಟೈರ್ ಆಗೋವರೆಗೂ ಆ ಅಣ್ಣನಿಗೆ ಯಾರೂ ಕಂಪ್ಯೂಟರ್ ಕಲಿಸದೆ ಇದ್ರೆ ಸಾಕು."