ಕುಂಡಕ್ಕೇರಿದ ಕತ್ತಾಳೆ

ಕತ್ತಾಳೆಗೆ ಮೈ ಒರೆಸುವ ಗಂಡಸನ್ನು ನೀವು ಕಂಡಿರಲಾರಿರಿ. ನಾನು ಅಂಥವರನ್ನೇ ಕಟ್ಟಿಕೊಂಡಿದ್ದೇನೆ. ಎಂಬತ್ತರ ದಶಕದಲ್ಲಿ, ಪೆರಿಯನಾಯಕನಪಾಳ್ಯಂನಲ್ಲಿ ನಾವು ಹೊಸ ಮನೆ ಕಟ್ಟಿಸಿದ್ದ ಕಾಲಕ್ಕೆ, ನಮ್ಮೆಜಮಾನರು ಪ್ರತಿ ಭಾನುವಾರ ಒದ್ದೆ ಬಟ್ಟೆ ಹಿಡಿದು ಅದರ ಒಂದೊಂದೇ ಎಲೆಯನ್ನು ಒರೆಸುತ್ತಿದ್ದರು. ಮಗುವಿನ ಮೂಗು ಒರೆಸಲು ಕರೆದರೆ ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ.

ಮೋಟಾರು ವರ್ಕ್‌ಷಾಪಿನಲ್ಲಿ ಮೇಸ್ತ್ರಿಯಾಗಿದ್ದ ಅವರು ವಾಲ್ಪಾರೈನ ಟೀ ಫ್ಯಾಕ್ಟರಿಯೊಂದಕ್ಕೆ ರಿಪೇರಿಗೆಂದು ಹೋಗಿದ್ದಾಗ, ಯಾವುದೋ ಬಂಗಲೆಯ ಮೆಟ್ಟಿಲ ಪಕ್ಕ ಇದು ಕುಂಡದಲ್ಲಿ ವಿರಾಜಮಾನವಾಗಿದ್ದುದನ್ನು ನೋಡಿ ಮರುಳಾದರು. ಬುಡದ ಮರಿಯೊಂದನ್ನು ಬೇಡಿ, ತೊಡೆಯ ಮೇಲಿಟ್ಟುಕೊಂಡು, ಘಾಟಿಯ ಪ್ರತಿ ತಿರುವಿನಲ್ಲೂ ಪಕ್ಕದವರಿಂದ ಬೈಸಿಕೊಳ್ಳುತ್ತ ಬಸ್ಸಿನಲ್ಲಿ ತಂದರು. ನನ್ನ ತವರು ಅನ್ನೂರಿನ ಕಡೆ. ಅಲ್ಲಿ ಆಡು ನುಗ್ಗದಂತೆ ಹೊಲದ ಬದುವಿಗೆ ನೆಡುವ ಬೇಲಿಯೇ ಕತ್ತಾಳೆ. ಸಾಹೇಬರ ಮೆಟ್ಟಿಲೇರಿದ ಮಾತ್ರಕ್ಕೆ ಅದಕ್ಕೆ ಕುಲೀನತೆ ಬಂದುಬಿಟ್ಟಿತು ನೋಡಿ!

ಅದರ ಗುಣಗಾನವನ್ನೂ ಮಾಡಿಬಿಡುತ್ತೇನೆ. ನಡುವಿನಿಂದ ಸುತ್ತಲೂ ಹರಡುವ ದಪ್ಪ ಎಲೆಗಳು, ಅಂಚಿಗೆ ಗರಗಸ, ತುದಿಗೆ ದಬ್ಬಣ. ಬಿಚ್ಚಿಕೊಳ್ಳುವ ಮುಂಚೆ ಅವು ಎಷ್ಟು ಬಿಗಿಯಾಗಿ ತಬ್ಬಿಕೊಂಡಿರುತ್ತವೆಂದರೆ, ಒಂದರ ಹಲ್ಲಿನ ಗುರುತು ಇನ್ನೊಂದರ ಬೆನ್ನ ಮೇಲೆ ಆಯುಷ್ಯವಿಡೀ ಉಳಿಯುತ್ತದೆ. ದಾಂಪತ್ಯವೆಂದರೆ ಇದೇ ಇರಬೇಕು. ಅದಕ್ಕೆ ಬೇಕಾದ್ದು ಬಿಸಿಲು, ಮರಳುಮಣ್ಣು, ಯಾವಾಗಲೋ ಒಮ್ಮೆ ನೀರು. ನಮ್ಮವರೋ ದಿನವೂ ಅಕ್ಕಿ ತೊಳೆದ ನೀರೆರೆದು, ಬುಡ ಕೊಳೆಸಿ, ಮತ್ತೆ ಮಣ್ಣು ಬದಲಿಸಿ ಶುಶ್ರೂಷೆ ನಡೆಸಿದರು. ಇಷ್ಟು ಆರೈಕೆಯನ್ನು ಸಹಿಸಿಯೂ ಅದು ಬದುಕಿ, ಬೆಳೆದು, ಬಾಗಿಲ ದಾರಿಯನ್ನು ಅರ್ಧ ನುಂಗಿತು. ನನ್ನ ಸೀರೆಗಳು ಹರಿದವು. ನಾನು ಅದಕ್ಕೆ ಕಂಟಕರಾಜನೆಂದು ನಾಮಕರಣ ಮಾಡಿ ಸುಮ್ಮನಾದೆ; ನನ್ನ ಪಾಂಡಿತ್ಯದಿಂದ ಆಗುವುದು ಅಷ್ಟೇ.

ನಿಜವಾದ ಸಂಕಟ ಬೇರೆಯಿತ್ತು. ಗೃಹಪ್ರವೇಶಕ್ಕೆ ಖುದ್ದಾಗಿ ಬಂದು ಕುಂಕುಮವಿಟ್ಟು ಕರೆಯದೆ, ಟೌನ್ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಹೇಳಿಕಳಿಸಿದ ಅಳಿಯನ ಹೊಸ್ತಿಲು ತುಳಿಯುವುದಿಲ್ಲವೆಂದು ಅಪ್ಪ ಹಟ ಹಿಡಿದಿದ್ದರು. ಅಳಿಯನೊಂದಿಗೆ ಮಾತೂ ನಿಂತಿತ್ತು. ಅವರು ಒಮ್ಮೆ ಬಂದು ನನ್ನ ಮನೆಯಲ್ಲಿ ಕೂತರೆ ಸಾಕೆಂದು ನಾನು ದಿನವೂ ಹಂಬಲಿಸುತ್ತಿದ್ದೆ. ಅಂತೂ ಒಂದು ಮಧ್ಯಾಹ್ನ ಮನಸ್ಸು ಕರಗಿ, ಬಾಳೆಗೊನೆ ಹೊತ್ತು ಬಂದವರು ಕುಂಡದ ಮುಂದೆ ನಿಂತುಬಿಟ್ಟರು.

"ಏನು ಕಣ್ಣು, ವಾಸಲ್ ಬಾಗ್ಲಲ್ಲೇ ಕತ್ತಾಳೆ ಬೇಲಿ ಇಕ್ಕವ್ರೆ ಮಾಪ್ಳೆ? ಆಡು ಬರಕೂಡ್ದು ಅಂತಾ, ನಾ ಬರಕೂಡ್ದು ಅಂತಾ?" ಎಂದು ಒಳಗಿದ್ದ ಅಳಿಯನನ್ನು ಬಿಟ್ಟು ನನ್ನನ್ನು ಕೇಳಿದರು.

"ಅಯ್ಯೋ ಮಾಮಾ, ಅದು ಚುಮ್ಮಾ ಚಂದಕ್ಕೆ!" ಎಂದರು ನಮ್ಮವರು ಒಳಗಿನಿಂದಲೇ.

"ಬೇಲಿ ನೋಡಿ ಚಂದ ಅನ್ನಕ್ಕೆ ನಂಗೆ ತೆರಿಯಲ್ಲ ಕಣ್ಣು," ಎಂದು ನನಗೇ ಹೇಳಿ, ಗೊನೆ ಕೆಳಗಿಟ್ಟು ಅಪ್ಪ ತಿರುಗಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕುಂಡವನ್ನು ಎರಡೂ ಕೈಯಿಂದ ತಬ್ಬಿ ಎತ್ತಿ, ಎದುರಿನ ಚರಂಡಿಗೆ ಎಸೆದೆ. ತೋಳೆಲ್ಲ ರಕ್ತ. ನಮ್ಮವರು ಗಿಡದ ಕಡೆ ಓಡಿದರು, ಅಪ್ಪ ನನ್ನ ಕಡೆ. ರಟ್ಟೆ ಹಿಡಿದು ನಡುಮನೆಗೆ ಕರೆದೊಯ್ದು ಕೂರಿಸಿ, ಮುರಿದುಳಿದ ಮುಳ್ಳನ್ನು ಉಗುರಿನಿಂದ ಕೀಳುತ್ತ, "ಕತ್ತಾಳೇನ ಯಾರಾದ್ರೂ ತಬ್ಬಿಕೋತಾರಾ, ಪೈತ್ಯಕಾರಿ!" ಎಂದು ಬೈದರು. ಹೊಸ್ತಿಲು ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ನಾನು ಇನ್ನೊಂದು ತೋಳನ್ನೂ ಮುಂದೆ ಚಾಚಿದೆ.

ಆಮೇಲೆ ಬಾಗಿಲ ಕಡೆ ಕತ್ತು ಚಾಚಿ ಗದರಿದರು: "ಮಾಪ್ಳೇ, ಆ ಗಿಡ ಸಾಯ್ಲಿ, ಅರಿಶಿನ ತನ್ನಿ ಮೊದ್ಲು!"

ನಾನು ಬಿಕ್ಕಿಬಿಕ್ಕಿ ಅತ್ತೆ. ಉರಿಗೆ ಅಳುತ್ತಿದ್ದಾಳೆಂದುಕೊಂಡು ಇಬ್ಬರೂ ಸೇರಿ ಅರಿಶಿನ ಹಚ್ಚಿದರು.